ನಾವು ಅಂದರೆ ಎಷ್ಟು ಜನ?

ಮಾರ್ಚ್ 3, ಸೋಮವಾರ

ಮೂರು ನಿಯಮ ಮುಗಿಯಿತು. ಆಫೀಸಿಗೆ ಹೊಸ ಎಐ ಬಂದಿದೆ. ಯಾವ ಕೇಸಿಗೆ ಎಷ್ಟು ಹೊತ್ತು ದುಡಿದೆವು ಎಂದು ವಕೀಲರು ಮೈಕಿಗೆ ಹೇಳಿದರೆ ಸಾಕು, ಗಂಟೆ ಬರೆದು ಬಿಲ್ಲು ಮಾಡುತ್ತದೆ. ಎಲ್ಲರ ಬಾಯಲ್ಲಿ ಅದು ‘ಗುಮಾಸ್ತ’. ಅದಕ್ಕೆ ನಿಯಮ ಬರೆಯುವ ಕೆಲಸವನ್ನು ಮಾವ ನನ್ನ ತಲೆಗೆ ಕಟ್ಟಿದ್ದಾರೆ. ಅಮ್ಮನ ತಮ್ಮ, ಇಲ್ಲಿಯ ಪಾಲುದಾರರಲ್ಲೊಬ್ಬರು. “ನಿನ್ನಷ್ಟು ಬಿಡಿಸಿ ಬರೆಯೋರು ಇನ್ಯಾರೇ ಇದ್ದಾರೆ?” ಹೊಗಳಿ ಅಟ್ಟಕ್ಕೇರಿಸುವುದರಲ್ಲಿ ನಿಸ್ಸೀಮರು.

ಮಾರ್ಚ್ 6

ಅಂಗಡಿ ಜಾಗದ ಕೇಸಿನ ದರ್ಜಿ ಹೆಂಗಸು ಬಿಲ್ಲು ಹಿಡಿದು ಬಂದಿದ್ದಳು. “ಅವತ್ತು ದೊಡ್ಡ ವಕೀಲ್ರು ಒಬ್ರೇ ಇದ್ರಲ್ಲಮ್ಮ. ಇದ್ರಲ್ಲಿ ಇಬ್ರು ಅಂತಿದೆ. ಇನ್ನೊಬ್ರು ಗೋಡೆ ಒಳಗಿದ್ರಾ?”

ನಗು ಬಂತು, ನಾಚಿಕೆಯೂ ಆಯಿತು. ಹುಡುಕಿದರೆ ಮಾವ ಮೈಕಿಗೆ ಹೇಳಿದ್ದು: “ನಾವು ಪತ್ರ ನೋಡಿದ್ವಿ, ನಾವು ಸಲಹೆ ಕೊಟ್ವಿ.” ತಮ್ಮೊಬ್ಬರನ್ನೇ ‘ನಾವು’ ಎನ್ನುವುದು ಅವರ ಮೂವತ್ತು ವರ್ಷದ ರೂಢಿ. ಪಾಪ, ಗುಮಾಸ್ತನಿಗೇನು ಗೊತ್ತು? ಅವರ ಜೂನಿಯರನ್ನೂ ಸೇರಿಸಿ ಬರೆದಿದೆ. ಜೂನಿಯರ್ ಎಂದರೆ ಇಲ್ಲಿ ಕೂತು ನಿಯಮ ಗೀಚುತ್ತಿರುವ ಮಹಾತಾಯಿ!

ನಿಯಮ ನಾಲ್ಕು: ‘ನಾವು’ ಎಂದರೆ ಹೇಳಿದವರೊಬ್ಬರೇ. ಬಿಲ್ಲು ತಿದ್ದಿ ಕೊಟ್ಟಾಯಿತು.

ಮಾರ್ಚ್ 7

ತಿಂಡಿ ಹೊತ್ತಿಗೆ ಅಮ್ಮನದು ಅದೇ ರಾಗ. “ಒಂಬತ್ತು ವರ್ಷ ಆಯ್ತು. ಬೋರ್ಡ್ ಮೇಲೆ ನಿನ್ನ ಹೆಸರು ಯಾವಾಗ?”

ಏಪ್ರಿಲ್ ಎರಡಕ್ಕೆ ಹೊಸ ಪಾಲುದಾರರ ಆಯ್ಕೆ. ಹಿರಿಯರು ನೋಡುವುದು ಗುಮಾಸ್ತನ ಗಂಟೆ ಪಟ್ಟಿಯನ್ನೇ. ಸೇತುವೆ ಕುಸಿದ ಕೇಸೊಂದೇ ಸಾಕು ಎಂದೆ. ನಲವತ್ತು ಸಾಕ್ಷಿಗಳ ಹೇಳಿಕೆ ಬರೆದದ್ದು ಈ ಕೈ.

“ಹಂಗಂತ ಅಲ್ಲಿ ಬಾಯ್ಬಿಟ್ಟು ಹೇಳು. ‘ನಾನು’ ಅನ್ನೋಕೆ ನಿಂಗೆ ನಾಲಿಗೇನೇ ಏಳಲ್ಲ,” ಎಂದಳು.

ಮಾರ್ಚ್ 29

ಪಟ್ಟಿ ಬಂತು. ಸೇತುವೆ ಕೇಸು — ಮಾವ, ಆರುನೂರ ಹನ್ನೆರಡು ಗಂಟೆ. ಜೂನಿಯರ್, ಸೊನ್ನೆ.

ಮೂರು ಸಲ ಓದಿದೆ. ಆ ಕೇಸಿನ ಸಮಯವನ್ನು ಗುಮಾಸ್ತ ಬರುವ ಮೊದಲಿಂದಲೂ ಇಬ್ಬರ ಪರವಾಗಿ ಮಾವನೇ ಹೇಳಿ ರೆಕಾರ್ಡ್ ಮಾಡಿಡುತ್ತಿದ್ದರು. “ನಾವು ಹೇಳಿಕೆ ಬರೆದ್ವಿ.” ಗುಮಾಸ್ತ ಆ ಹಳೆಯ ರೆಕಾರ್ಡುಗಳನ್ನೂ ಕೇಳಿ ನಿಯಮ ನಾಲ್ಕನ್ನು ಇಡೀ ವರ್ಷಕ್ಕೂ ಹಚ್ಚಿದೆ. ತೋಡಿದ ಹಳ್ಳಕ್ಕೆ ತಾನೇ ಬಿದ್ದ ಹಾಗಾಯಿತು...

ಮಾರ್ಚ್ 31, ಮಧ್ಯಾಹ್ನ

ಮಾವನ ಕೋಣೆಗೆ ಹೋದೆ. “ಸೇತುವೆ ಕೇಸಲ್ಲಿ ನಾವು ನಾವು ಅಂದ್ರಲ್ಲ ಮಾವ, ಅದ್ರಲ್ಲಿ ಎಷ್ಟು ಜನ?”

“ಅಯ್ಯೋ ಹುಚ್ಚಿ! ನಿನ್ನ ಬಿಟ್ಟು ನಾವು ಅಂದಿದ್ದುಂಟಾ?”

“ದರ್ಜಿಯವಳ ಬಿಲ್ಲಲ್ಲಿ ಅಂದಿದ್ರಿ.”

ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು. “ಈ ವರ್ಷ ನನ್ನ ಗಂಟೆನೂ ಕಮ್ಮಿ ಕಣೇ. ವಯಸ್ಸಾಯ್ತು, ಮನೇಲಿ ಕೂತ್ಕೊಳ್ಳಿ ಅಂತಾರೇನೋ.” ನಕ್ಕರು. “ಹೋಗ್ಲಿ ಬಿಡು. ನೀನು ನಿಯಮ ಸ್ಪಷ್ಟವಾಗಿ ಬರಿ. ಸೇತುವೇದು ಎಲ್ಲಾ ಮತ್ತೆ ಹೇಳ್ತೀನಿ.”

ಎದೆ ಹಗುರಾಯಿತು. ಹಳೆಯದನ್ನು ಹೊಡೆದುಹಾಕಿ ಹೊಸ ನಿಯಮ ನಾಲ್ಕು: ‘ನಾವು’ ಬೇಡ. ಮಾಡಿದ್ದು ತಾನಾದರೆ ‘ನಾನು’ ಎನ್ನಬೇಕು, ಬೇರೆಯವರಾದರೆ ಅವರ ಹೆಸರು ಹೇಳಬೇಕು.

ಅಮ್ಮನಿಗೆ ಫೋನ್ ಮಾಡಿದೆ. “ನನ್ನ ತಮ್ಮ ಅಲ್ವಾ! ಮನಸ್ಸು ಬೆಣ್ಣೆ,” ಎಂದಳು.

ಏಪ್ರಿಲ್ 2, ಬೆಳಿಗ್ಗೆ 10.50

ಹಿರಿಯರ ಸಭೆ ಹನ್ನೊಂದಕ್ಕೆ. ಮಾವ ಎಂಟಕ್ಕೇ ಬಂದು ಎಲ್ಲ ಮತ್ತೆ ಮೈಕಿಗೆ ಹೇಳಿ ಮುಗಿಸಿದ್ದಾರೆ. ತಿದ್ದಿ ಹೇಳಿದ್ದು ನಿಯಮದ ಪ್ರಕಾರ ಇದೆಯೇ ಎಂದು ನೋಡಿ ಒಪ್ಪಿಗೆ ಒತ್ತುವುದೂ ನನ್ನ ಕೆಲಸವೇ. ಹೆಡ್‌ಫೋನ್ ಹಾಕಿಕೊಂಡೆ. ಅವರ ಬಾಯಲ್ಲಿ ಎಂದೂ ಕೇಳದ ಮಾತು. ಒಂದು ಸಲವೂ ತಡವರಿಸಲಿಲ್ಲ.

“ನಾನು ಮೊದಲನೇ ಸಾಕ್ಷಿ ಹೇಳಿಕೆ ಬರೆದೆ. ನಾನು ಎರಡನೇದು ಬರೆದೆ. ನಾನು ಮೂರನೇದು...”

ನಲವತ್ತೂ.

ನಿಯಮ ನಾಲ್ಕರ ಪಕ್ಕದಲ್ಲಿ ಹಸಿರು ಗುರುತು. ಎಲ್ಲ ಸ್ಪಷ್ಟವಾಗಿದೆ. ಅಳು ಬರುತ್ತಿದೆ, ಸಿಟ್ಟೂ ಬರುತ್ತಿದೆ. ನನ್ನ ಸೋದರಮಾವ...

ಒಪ್ಪಿಗೆಯೇ ಎಂದು ಗುಮಾಸ್ತ ಕೇಳುತ್ತಿದೆ. ಇಲ್ಲವೆಂದರೆ ಕಾರಣ ಬರೆಯಬೇಕು. ಅದಕ್ಕೊಂದು ಖಾಲಿ ಜಾಗವಿದೆ. ಕಾರಿಡಾರಿನಲ್ಲಿ ಹಿರಿಯರ ಚಪ್ಪಲಿ ಸದ್ದು. ಒಂದೇ ಪದ ಟೈಪ್ ಮಾಡಿ ಕೂತಿದ್ದೇನೆ —

ನಾನು