ಹದಿನಾಲ್ಕನೇ ಎಪಿಸೋಡಿನ ಅಪ್ಪ

3 ಜುಲೈ 2025, ಗುರುವಾರ

ಟಿವಿಯಲ್ಲಿ ಮತ್ತೆ ಅದೇ ಕೊರಿಯಾ ಸೀರಿಯಲ್ಲು. ಹುಡುಗಿ ಎಡವುತ್ತಾಳೆ, ಹುಡುಗ ಹಿಡಿಯುತ್ತಾನೆ, ಇಬ್ಬರೂ ಕಣ್ಣು ಮಿಟುಕಿಸದೆ ನಿಲ್ಲುತ್ತಾರೆ. ಅದನ್ನೇ ಮೂರು ಕಡೆಯಿಂದ ತೋರಿಸುತ್ತಾರೆ. ಬಾಯಿ ಕೊರಿಯಾದ್ದು, ಮಾತು ಹಿಂದಿ. ಸುನಂದಾ ರೊಟ್ಟಿ ಬಡಿಯುವುದು ಬಿಟ್ಟು ಬಾಗಿಲಲ್ಲಿ ನಿಂತಿದ್ದಳು, ಕೈಯೆಲ್ಲ ಹಿಟ್ಟು.

ಸ್ಕೂಟರಿನಿಂದ ಬಿದ್ದು ಐದು ದಿನ. ಬಲಗಾಲಿಗೆ ಪ್ಲಾಸ್ಟರ್. ಆರು ವಾರ ಮಿಲ್ ಇಲ್ಲ, ಶಿಫ್ಟ್ ಇಲ್ಲ. ರಿಮೋಟ್ ಹೆಂಡತಿಯ ಕೈಯಲ್ಲಿ.

"ಈಗ ಜಗಳಾಡ್ತಾರ ನೋಡು. ಆಮ್ಯಾಲೆ ಮಳಿ ಬರ್ತೈತಿ. ಇವ ಕೊಡಿ ಹಿಡೀತಾನ," ಅಂದೆ.

"ಗೊತ್ತೈತಿ. ಸುಮ್ನ ನೋಡ್ರಿ."

ಗೊತ್ತಿದ್ದ ಮೇಲೆ ನೋಡುವುದು ಯಾಕೆ? ತಲೆ ಕೆಟ್ಟಿದೆ ಇವಳಿಗೆ.

ಮಳೆ ಬಂತು. ಕೊಡೆ ಹಿಡಿದ.

9 ಜುಲೈ

ಎರಡನೆಯ ಸೀರಿಯಲ್ಲು ಶುರು. ಹಚ್ಚು ಎಂದು ನಾನೇ ಅಂದೆ... ಸುನಂದಾ ನಗಲಿಲ್ಲ, ಪುಣ್ಯಾತ್ಗಿತ್ತಿ.

ಮಿಲ್ಲಿನ ಪೇಪರ್ ಮಶಿನ್ ಮೇಲೆ ಇಪ್ಪತ್ತೆಂಟು ವರ್ಷ. ಓಡುವ ಕಾಗದ ಯಾವ ಗಳಿಗೆಯಲ್ಲಿ ಹರಿಯುತ್ತದೋ ಯಾರಿಗೂ ಗೊತ್ತಿಲ್ಲ. ಡಬ್ಬಿ ಬಿಚ್ಚಿ ಊಟಕ್ಕೆ ಕೂತರೂ ಕಿವಿ ಅಲ್ಲೇ. ಈ ಸೀರಿಯಲ್ಲಿನಲ್ಲಿ ಹರಿದರೂ ಕೂಡುತ್ತದೆ ಎಂದು ಮೊದಲೇ ಗೊತ್ತು. ನೋಡುತ್ತ ನೋಡುತ್ತ ಭುಜ ಸಡಿಲಾಯಿತು. ಇಷ್ಟು ವರ್ಷ ಬಿಗಿ ಹಿಡಿದಿದ್ದೆ ಎಂಬುದೇ ತಿಳಿದಿರಲಿಲ್ಲ.

ನಾಲ್ಕು ಗಂಟೆಗೆ ರಾಜಶ್ರೀ ಫೋನ್, ಅವ್ವನಿಗೆ. ಸುನಂದಾ ಹಿತ್ತಲಿಗೆ ಹೋಗಿ ಮಾತಾಡಿದಳು. ನನ್ನ ಮಗಳು ನನ್ನ ಜೊತೆ ಮಾತು ಬಿಟ್ಟು ಐದು ತಿಂಗಳಾಗುತ್ತ ಬಂತು.

14 ಜುಲೈ

ಇದರಲ್ಲಿ ಹುಡುಗಿಯ ಅಪ್ಪ ಹುಡುಗನ ಮುಖಕ್ಕೆ ನೀರು ಎರಚಿದ. ಸುನಂದಾ ಟಿವಿ ಬಿಟ್ಟು ಆಚೀಚೆ ನೋಡಲಿಲ್ಲ.

"ಬೇಕಂತನ ಇಂಥಾವ ಹುಡುಕಿ ಹಚ್ತೀಯೇನ?"

"ಎಲ್ಲಾದ್ರಾಗೂ ಅಪ್ಪ ಹಂಗ ಇರ್ತಾನ್ರಿ. ನಾ ಯಾಕ ಹುಡುಕ್ಲಿ?"

ನಾನು ನೀರು ಎರಚಿಲ್ಲ. ಎರಚಿದ್ದರೆ ವಾಸಿಯಿತ್ತು.

ಫೆಬ್ರುವರಿ 16, ಭಾನುವಾರ. ಕಾಯತಾನ ಬಂದಿದ್ದ. ಇಲ್ಲೇ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಹಳಿಯಾಳ ಕಡೆಯ ಸಿದ್ದಿ ಹುಡುಗ, ಕ್ರಿಶ್ಚಿಯನ್. ನಾವು ಲಿಂಗಾಯತರು. ಇಸ್ತ್ರಿ ಅಂಗಿ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ರಾಜಶ್ರೀಯನ್ನು ಕೇಳಲು ಬಂದವನು. ಗೇಟಿನ ಹೊರಗೇ ನಿಲ್ಲಿಸಿದೆ. "ನೀ ಯಾರು, ನಾವು ಯಾರು? ಕನ್ನಡಿ ನೋಡಿಕೊಂಡೀಯೇನ?" ಅಂದೆ. ಓಣಿಗೆಲ್ಲ ಕೇಳಿತು. ಮಗಳಿಗೂ.

ಮರುದಿನ ಹಳಿಯಾಳಕ್ಕೆ ಹೋಗಿ ರೂಮ್ ಮಾಡಿದಳು. ಲ್ಯಾಬ್ ಕೆಲಸಕ್ಕೆ ಹತ್ತಿರ ಎಂದು ನೆಂಟರಿಗೆ ಹೇಳಿದೆವು.

23 ಜುಲೈ

ನಾಲ್ಕು ಸೀರಿಯಲ್ಲು ಮುಗಿದವು. ಒಂದು ಲೆಕ್ಕ ಸಿಕ್ಕಿದೆ. ಒಂದೊಂದೂ ಹದಿನಾರು ಎಪಿಸೋಡು. ಹದಿಮೂರರವರೆಗೆ ಅಪ್ಪ ಹುಲಿ. ಹದಿನಾಲ್ಕರಲ್ಲಿ ಒಪ್ಪುತ್ತಾನೆ. ಯಾರೂ ಅವನನ್ನು ನೋಡಿ ನಗುವುದಿಲ್ಲ. ಇಷ್ಟು ದಿನ ಏನು ಮಾಡ್ತಿದ್ದೆ ಎಂದು ಕೇಳುವುದಿಲ್ಲ. ಮುಂದಿನ ಸೀನಿನಲ್ಲಿ ಎಲ್ಲರೊಟ್ಟಿಗೆ ಊಟಕ್ಕೆ ಕೂತಿರುತ್ತಾನೆ, ಅಷ್ಟೇ.

ನಮ್ಮಪ್ಪ ಒಮ್ಮೆ ಅಂದದ್ದನ್ನು ಸಾಯುವತನಕ ಬದಲಿಸಲಿಲ್ಲ. ಅದೇ ಗಂಡಸುತನ ಎಂದುಕೊಂಡಿದ್ದೆ. ಹಿಂದೆ ಸರಿಯುವ ದಾರಿಯೂ ಒಂದಿದೆ ಎಂದು ತೋರಿಸಿದವರು ಕೊರಿಯಾದವರು. ಅವರ ಮಕ್ಕಳು ಮರಿ ತಣ್ಣಗಿರಲಿ. ಸತ್ಯವಾಗಿ ಹೇಳುತ್ತಿದ್ದೇನೆ.

26 ಜುಲೈ, ಬೆಳಿಗ್ಗೆ

ಗಾಳಿ ಮಳೆ. ಟೊಂಗೆ ಬಿದ್ದು ಓಣಿಗೆಲ್ಲ ಕರೆಂಟ್ ಹೋಗಿತ್ತು. ಎದುರಿನ ಕಂಬದ ಮೇಲೆ ಯಾರೆಂದು ನೋಡಿದರೆ — ಕಾಯತಾನ! ರೇನ್‌ಕೋಟಿದ್ದರೂ ತೊಯ್ದು ತೊಪ್ಪೆ. ಇಳಿದ ಮೇಲೆ ಕಿಟಕಿಯಿಂದಲೇ ಕೂಗಿದೆ.

"ಚಾ ಕುಡದು ಹೋಗಪಾ."

"ಬ್ಯಾಡ್ರಿ ಕಾಕಾ. ಇನ್ನ ಎರಡು ಕಂಬ ಅದಾವ."

ಮರ್ಯಾದೆಯಿಂದಲೇ ಅಂದ. ಗೇಟಿನ ಕಡೆ ಮಾತ್ರ ಹೆಜ್ಜೆ ಹಾಕಲಿಲ್ಲ. ಸೀರಿಯಲ್ಲಿನಲ್ಲಿ ಅಪ್ಪ ಒಂದು ಸಲ ಕರೆದರೆ ಸಾಕು, ಬರುತ್ತಾರೆ. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ? ನನ್ನ ಮೇಲೆಯೇ.

29 ಜುಲೈ, ಸಂಜೆ 5

ಬರೆಯಲೂ ನಾಚಿಕೆ. ಫ್ಯೂಜ್ ನಾನೇ ಕಿತ್ತೆ.

ಸುನಂದಾ ಬಜಾರಕ್ಕೆ ಹೋಗಿದ್ದಳು. ಮೀಟರ್ ಇರುವುದು ಪಡಸಾಲೆಯ ಗೋಡೆಯ ಮೇಲೆ. ರಿಪೇರಿಗೆ ಬಂದವನು ಒಳಗೆ ಬರಲೇಬೇಕು. ಸ್ಟೂಲ್ ಹತ್ತಿ ಕಿತ್ತು ಜೇಬಿನಲ್ಲಿಟ್ಟುಕೊಂಡು ಆಫೀಸಿಗೆ ಫೋನ್ ಮಾಡಿದೆ. ಕಾಯತಾನನನ್ನೇ ಕಳಿಸಿರಿ ಎಂದೆ.

ಅರ್ಧ ತಾಸಿಗೆ ಬಂದ. ಮೀಟರ್ ನೋಡಿದ.

"ಕಾಕಾ, ಫ್ಯೂಜ್ ಎಲ್ಲೈತ್ರಿ?"

ತೆಗೆದು ಕೊಟ್ಟೆ. ಅದನ್ನು ನೋಡಿದ, ಸ್ಟೂಲ್ ನೋಡಿದ, ನನ್ನ ಕಾಲು ನೋಡಿದ.

"ಈ ಕಾಲು ಕಟಗೊಂಡು ಸ್ಟೂಲ್ ಹತ್ತೀರೇನ್ರಿ? ಶಾಕ್ ಹೊಡದಿದ್ರ ಯಾರ ಜವಾಬ್ದಾರಿ? ವಯಸ್ಸಾತು, ಬುದ್ಧಿ ಬ್ಯಾಡೇನ್ರಿ?"

ನನ್ನ ಮನೆಯಲ್ಲಿ ನಿಂತು ನನಗೇ ಬೈದ! ಜೀವಕ್ಕೆ ಹಿತವಾಯಿತು. ತಯಾರಿಟ್ಟುಕೊಂಡಿದ್ದ ಮಾತೆಲ್ಲ ಮರೆತೇಹೋಯಿತು.

"ಆವತ್ತ ನಾ ಅಂದದ್ದು ತಪ್ಪಾತಪಾ. ಭಾಳ ಕೆಟ್ಟದಾಗಿ ಅಂದೆ."

ಫ್ಯೂಜ್ ಹಾಕಿದ. ಫ್ಯಾನ್ ತಿರುಗಿತು. ನನಗೆ ಬೆನ್ನು ಮಾಡಿಯೇ ಮೀಟರಿನ ಮುಚ್ಚಳ ಹಾಕಿದ.

"ನಾ ಮರೀತೇನಿ ಅಂತ ಹೇಳಂಗಿಲ್ರಿ," ಅಂದ. "ಆದ್ರ ಆಕೀಗೂ ಹೇಳ್ರಿ. ಆಕಿ ಇನ್ನೂ ಅಳ್ತಾಳ."

"ಚಾ ಕುಡೀ. ನನಗ ನಿಂತು ಮಾಡಾಕ ಆಗಂಗಿಲ್ಲ..."

ಅವನೇ ಅಡುಗೆಮನೆಗೆ ಹೋದ. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ನನ್ನ ಮುಖ ನೋಡಿದ. ನಮ್ಮವರಲ್ಲದವರು ಆ ಹೊಸ್ತಿಲು ದಾಟಿದ್ದಿಲ್ಲ, ನನ್ನಜ್ಜನ ಕಾಲದಿಂದ. ಹೋಗು ಎಂದು ತಲೆಯಾಡಿಸಿದೆ. ಸಕ್ಕರೆ ಡಬ್ಬಿ ಯಾವುದು ಎಂದು ಒಳಗಿನಿಂದ ಕೂಗಿದ. ನನಗೂ ಗೊತ್ತಿರಲಿಲ್ಲ. ಬೆಲ್ಲ ಹಾಕಿದ.

ಸುನಂದಾ ಬಂದಾಗ ಇಬ್ಬರೂ ಕಪ್ ಹಿಡಿದು ಕೂತಿದ್ದೆವು. ಕೈಯಲ್ಲಿದ್ದ ಚೀಲ ಅಲ್ಲೇ ಇಟ್ಟು ಸೆರಗು ಬಾಯಿಗೆ ಹಿಡಿದಳು.

30 ಜುಲೈ, ಬೆಳಿಗ್ಗೆ 10

ರಾಜಶ್ರೀಯ ಮೆಸೇಜು. ನನ್ನ ನಂಬರಿಗೆ. "ಅಪ್ಪಾ ಖರೇನ ಫ್ಯೂಜ್ ಕಿತ್ತೀಯೇನ?"

ಉತ್ತರ ನಾಲ್ಕು ಸಲ ಬರೆದು ಅಳಿಸಿದೆ. ಸೀರಿಯಲ್ಲಿನಲ್ಲಿ ಇದನ್ನು ತೋರಿಸುವುದೇ ಇಲ್ಲ. ಅಪ್ಪ ಒಪ್ಪಿದ, ನೆಟ್ಟಗೆ ಊಟದ ಸೀನು. ನಡುವೆ ಮಗಳಿಗೆ ಏನಂದ, ಎಲ್ಲಿಂದ ಶುರು ಮಾಡಿದ... ಇರಲಿ. ಅವರು ಇಲ್ಲಿವರೆಗೆ ಕೈಹಿಡಿದು ಕರೆತಂದದ್ದೇ ದೊಡ್ಡದು. ಇದು ನನ್ನ ಕೆಲಸ.

ಮೆಸೇಜು ಬೇಡ. ಫೋನ್ ಹಚ್ಚಿದ್ದೇನೆ. ಸ್ಪೀಕರ್ ಮೇಲಿಟ್ಟು ಬರೆಯುತ್ತಿದ್ದೇನೆ. ಕೈ ಸುಮ್ಮನಿದ್ದರೆ ಕಟ್ ಮಾಡಿಬಿಡುತ್ತದೆ, ನನಗೆ ಗೊತ್ತು. ರಿಂಗ್ ಆಗುತ್ತಿದೆ.

ಎತ್ತಿದಳು.

ಉಸಿರು ಕೇಳುತ್ತಿದೆ. ಈ ಸಲ ಮೊದಲು ನಾನೇ ಮಾತಾಡ—