ತೊಲೆಗೆ ಜೋತುಬಿದ್ದ ಮಾವ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಮುನಿಸಿಕೊಂಡು ಹೋದ ಯಜಮಾನರಿಗೆ,

ಆರೋಗ್ಯ ಹೇಗಿದೆ? ಕೆಲಸದ ಜಾಗದಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ, ಇಲ್ಲ ಕೋಪದಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೀರಾ? ಅತ್ತೆ ಚೆನ್ನಾಗಿದ್ದಾರೆ. ನಾನೂ ಇದ್ದೇನೆ, ನೀವು ಕೇಳದಿದ್ದರೂ.

ನಮ್ಮ ಕೋಣೆಯ ತೊಲೆಯ ಸಮಾಚಾರ ಹೇಳಬೇಕು. ಮೇಲೂ ಕೆಳಗೂ ಗಟ್ಟಿ ಮರದ ಹಲಗೆ, ನಡುವೆ ಹಗುರವಾದ ಮೆತ್ತನೆ ಮರ ಇಟ್ಟು, ಅಂಟು ಹಚ್ಚಿ ಬಿಗಿದು ನೀವು ಅದನ್ನು ಮಾಡಿದ್ದೇ ತಡ, ಜೀವನವೆಲ್ಲ ಉಳಿ ಹಿಡಿದ ನಿಮ್ಮ ಅಪ್ಪನ ನಿದ್ದೆ ಹಾರಿಹೋಯಿತಲ್ಲ. ಭಾರ ಬಿದ್ದಾಗ ತ್ರಾಸವೆಲ್ಲ ಮೇಲಂಚು ಕೆಳಂಚಿಗೆ, ನಡುವಿಗೆ ಅಷ್ಟಿಲ್ಲ ಎಂದು ನೀವು ಗಂಟಲು ಹರಿದುಕೊಂಡರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಮಳೆಗಾಲದಲ್ಲಿ ಒಂದು ಜಾಸ್ತಿ ಉಬ್ಬುತ್ತೆ, ಇನ್ನೊಂದು ಕಮ್ಮಿ. ಇವೆರಡೂ ಸಂಸಾರ ಮಾಡಲ್ಲ" ಅಂದರು. ನನಗೆ ನಮ್ಮಿಬ್ಬರ ನೆನಪಾಯಿತು. ಅಪ್ಪ ಈ ತೊಲೆಯ ಕೆಳಗೆ ಒಂದು ರಾತ್ರಿ ಮಲಗುವವರೆಗೂ ಮನೆಗೆ ಬರುವುದಿಲ್ಲ ಎಂದು ನೀವು ಚೀಲ ಎತ್ತಿಕೊಂಡಿರಿ. ಹಟದಲ್ಲಿ ಮಾತ್ರ ಇಬ್ಬರೂ ಒಂದೇ ಮರದ ಹಲಗೆಗಳು.

ನೀವು ಹೋದ ಮೇಲೆ ಮಾವ ದಿನಾ ಬೆಳಗ್ಗೆ ಏಣಿ ಹತ್ತಿ ಅಂಟಿನ ಗೆರೆಗೆ ಬ್ಲೇಡು ತೂರಿಸಿ ನೋಡತೊಡಗಿದರು, ಎಲ್ಲಾದರೂ ಬಾಯಿ ಬಿಟ್ಟಿದ್ದರೆ ಬೀದಿಗೆಲ್ಲ ಡಂಗುರ ಸಾರಲು. ಬ್ಲೇಡು ಒಳಗೆ ಹೋಗುತ್ತಿರಲಿಲ್ಲ, ಇವರ ಮುಖ ಸಪ್ಪಗಾಗುತ್ತಿತ್ತು. ಹೋದ ವಾರ ಜೋರು ಮಳೆ ಬಂದು ನಿಂತಿತಲ್ಲ, ಭಾರೀ ಉತ್ಸಾಹದಿಂದ ಹತ್ತಿದರು. ಏಣಿ ಜಾರಿತು. ಓಡಿಹೋಗಿ ನೋಡಿದರೆ ಮಾವ ಅದೇ ತೊಲೆಯನ್ನು ತಬ್ಬಿಕೊಂಡು ಜೋತಾಡುತ್ತಿದ್ದಾರೆ. ಕೆಳಗೆ ನಮ್ಮ ಹಾಸಿಗೆ ಇತ್ತು, ಹಾಗಾಗಿ ನನಗೂ ಧೈರ್ಯ ಬಂತು. ತೊಲೆ ಹೇಗಿದೆ ಮಾವ ಎಂದು ಕೇಳಿಯೇಬಿಟ್ಟೆ.

"ಗಟ್ಟಿ ಇದೆ ತಾಯಿ, ಮೊದಲು ಏಣಿ ಹಿಡಿ" ಅಂದರು.

ಏಣಿ ಎತ್ತುವಷ್ಟರಲ್ಲಿ ಕೈಸೋತು ಹಾಸಿಗೆಯ ಮೇಲೆ ದೊಪ್ಪನೆ ಬಿದ್ದರು. ಸೊಂಟ ಉಳುಕಿತು ಅಷ್ಟೆ, ಗಾಬರಿ ಬೇಡ. ತೊಲೆಗೆ ಏನೂ ಆಗಿಲ್ಲ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಮಾವ ಏನೂ ತಿಳಿಸಿಲ್ಲ, ಆದರೆ ಕಾಗದ ಬರೆದು ಮುಗಿಯಿತಾ ಎಂದು ಆಗಲೇ ಎರಡು ಸಲ ಕೇಳಿದರು.

ನಿಮ್ಮ,
ಏಣಿ ಹಿಡಿಯುವವಳು

ಬರೆಯಲು ಮರೆತೆ: ಅಲುಗಾಡಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮಾವ ಬಿದ್ದಲ್ಲೇ, ಆ ತೊಲೆಯ ಕೆಳಗೇ ಮಲಗುತ್ತಿದ್ದಾರೆ. ಸೊಂಟ ವಾಸಿಯಾಗಿದೆ, ನಿನ್ನೆ ನನ್ನ ಕಣ್ಣು ತಪ್ಪಿಸಿ ಏಣಿಯನ್ನೂ ಹತ್ತಿದ್ದರು. ಆದರೂ ಮಂಚ ಬಿಡುತ್ತಿಲ್ಲ. "ಅವನು ಬಂದು ನೋಡ್ಲಿ, ಆಮೇಲೆ ಏಳ್ತೀನಿ" ಅನ್ನುತ್ತಾರೆ. ಬೇಗ ಬನ್ನಿ, ನನಗೆ ನೆಲ ಒತ್ತುತ್ತಿದೆ.