ಸೋತೆ ಅನ್ನುವ ತನಕ

ಫೆಬ್ರವರಿ 25, ಭಾನುವಾರ

ಬೆಳಿಗ್ಗೆಯಿಂದ ಸೋಡಾ ನೀರಿನಲ್ಲಿ ಚಮಚ ಕುದಿಸಿದ್ದೇ ಕುದಿಸಿದ್ದು. ಮನೆ ತುಂಬ ಯಾರ್ಯಾರದೋ ಮುತ್ತಜ್ಜಂದಿರ ಬಾಯಿಯ ವಾಸನೆ. ಚಿಕ್ಕಪ್ಪ ಇವನ್ನೆಲ್ಲ ಬಗ್ಗಿಸಿ ಉಂಗುರ ಮಾಡುತ್ತಾನೆ. ಒಡೆದ ಕಪ್ಪು-ಬಸಿಯಿಂದ ಪದಕ, ಟೈಪ್‌ರೈಟರಿನ ಕೀಲಿಯಿಂದ ಓಲೆ, ಕೆಟ್ಟ ಗಡಿಯಾರದ ಹೊಟ್ಟೆಯೊಳಗಿನದರಿಂದ ಏನು ಬೇಕಾದರೂ. ನಾನು ತೊಳೆಯುವವಳು, ಉಜ್ಜುವವಳು, ಚೀಟಿ ಬರೆಯುವವಳು. ಓದಲೆಂದು ಈ ಮನೆಗೆ ಬಂದೆ. ಓದು ದಾರಿಯಲ್ಲೆಲ್ಲೋ ಇಳಿದುಹೋಯಿತು, ನಾನು ಉಳಿದೆ. ಹುದ್ದೆ: ಉಪ ಮುಖ್ಯಸ್ಥೆ. ಬಿರುದು: ಕೋತಿ.

ಪ್ರತಿ ವಸ್ತುವಿಗೂ ದಾರ ಕಟ್ಟಿದ ಚೀಟಿ, ಅದರಲ್ಲಿ ನಾಲ್ಕು ಸಾಲು. ಏನು. ಎಷ್ಟು ಹಳೆಯದು. ಎಲ್ಲಿಂದ. ಕುಂದು ಏನು. ಕುಂದು ಬರೆಯದ ಚೀಟಿಯನ್ನು ಚಿಕ್ಕಪ್ಪ ಹರಿದು ಹಾಕುತ್ತಾನೆ.

ಇನ್ನು ಚಿಕ್ಕಪ್ಪನಿಗೂ ನನಗೂ ನಡೆಯುವ ಯುದ್ಧದ ವರದಿ. ಮುಂದಿನ ಇತಿಹಾಸಕಾರರು ಎದ್ದು ನಿಂತು ಓದತಕ್ಕದ್ದು. ನಿಯಮ ಹೀಗೆ: ಮನೆಯದೇ ಒಂದು ವಸ್ತುವನ್ನು ಸಂತೆಯಿಂದ ತಂದ ರಾಶಿಯಲ್ಲಿ ಅಡಗಿಸಬೇಕು. ಎದುರಾಳಿ ಗುರುತು ಹಿಡಿದರೆ ಅಡಗಿಸಿದವರು ‘ಸೋತೆ’ ಅನ್ನಬೇಕು. ಹಿಡಿಯದೆ ಪುರಾತನ ಮಾಲು ಎಂದು ಹೊಗಳಿ ಚೀಟಿ ಕಟ್ಟಿದರೆ ಎದುರಾಳಿ ‘ಸೋತೆ’ ಅನ್ನಬೇಕು. ನಗಬಾರದು. ಯುದ್ಧ ನಡೆಯುವಾಗ ಏಕವಚನ ನಿಷಿದ್ಧ. ಮನೆಯಲ್ಲಿ ‘ಲೇ’, ಗಿರಾಕಿಗೆ ‘ನೀವು’, ಶತ್ರುವಿಗೆ ಮಾತ್ರ ‘ತಾವು’.

ಇಷ್ಟು ವರ್ಷ ಸೋತವಳು ನಾನೇ. ಹೂಕುಂಡದಲ್ಲಿ ತಿಂಗಳುಗಟ್ಟಲೆ ಹೂತಿಟ್ಟು ತುಕ್ಕು ಹಿಡಿಸಿದ ಬೀಗದ ಕೈಯನ್ನೂ ಮೂಸಿ ನೋಡಿ ‘ನಮ್ಮ ಹಿತ್ತಿಲ ಬಾಗಿಲದ್ದು, ತಾವು ಕ್ಷೇಮವೇ’ ಅಂದಿದ್ದ.

ಇವತ್ತು ಗೆದ್ದೆ. ಅಡುಗೆಮನೆಯ ಟೀ ಸೋಸುವ ಜಾಲರಿ. ಅದರಲ್ಲೇ ಸೋಸಿದ ಟೀ ಕುಡಿದು ಬಂದು ಕೂತವನು, ಅದನ್ನೇ ಬೆಳಕಿಗೆ ಹಿಡಿದು, ಎಂಥ ಹೆಣಿಗೆ ಎಂದು ಮೆಚ್ಚಿ, ‘ಸುಮಾರು ಎಂಬತ್ತು ವರ್ಷ’ ಎಂದು ಬರೆಸಿದ. ಚಿಕ್ಕಮ್ಮ ಒಳಗೆ ಜಾಲರಿ ಹುಡುಕುತ್ತ ಡಬ್ಬಿಗಳನ್ನೆಲ್ಲ ಬೈಯುತ್ತಿದ್ದಳು. ತುಟಿ ಕಚ್ಚಿಕೊಂಡು ಕೂತೆ. ಸೋತೆ ಅನ್ನಿ ಎಂದೆ. ಸುಮ್ಮನೆ ನಕ್ಕ. ಹಳೇ ಹುಲಿ, ಅಷ್ಟು ಬೇಗ ಒಪ್ಪುತ್ತದೆಯೇ.

ಮಾರ್ಚ್ 3, ಭಾನುವಾರ

ಎರಡನೇ ವಿಜಯ. ಆತನದೇ ಬೆಲ್ಟಿನ ಬಕಲ್. ಪ್ಯಾಂಟು ಜಾರುತ್ತಿತ್ತು, ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಬಕಲ್ ಹಿಡಿದು ಪರೀಕ್ಷೆ ಮಾಡಿದ. ಎಲ್ಲಿಂದ? ‘ತಿಳಿಯದು.’ ಈ ದೃಶ್ಯಕ್ಕೆ ಒಂದು ಪ್ರತಿಮೆ ಕೆತ್ತಿಸಬೇಕು.

ಮಾರ್ಚ್ 6, ಬುಧವಾರ

ಶತ್ರು ಹೊಸ ತಂತ್ರ ಹೂಡಿದ್ದಾನೆ. ತನ್ನ ಕನ್ನಡಕವನ್ನೇ ಚಮಚಗಳ ಜೊತೆ ಸೋಡಾ ನೀರಿಗೆ ಹಾಕಿ ಕುದಿಸಿದ. ಚೌಕಟ್ಟು ಹಪ್ಪಳದ ಹಾಗೆ ಸೊಟ್ಟಗಾಯಿತು. ಗುರುತು ಹಿಡಿದೆ, ತಾವು ಸೋತಿರಿ ಎಂದು ಘೋಷಿಸಿದೆ. ಆತ ಪಾತ್ರೆಯನ್ನೇ ನೋಡುತ್ತ ನಿಂತಿದ್ದ... ತುಂಬ ಹೊತ್ತು. ಎಂಥ ನಟ!

ಮಾರ್ಚ್ 10, ಭಾನುವಾರ, ಸಂಜೆ

ಏನು ಬರೆಯಲಿ. ನಡೆದ ಹಾಗೇ ಬರೆಯುತ್ತೇನೆ.

ದೊಡ್ಡ ದಾಳಿಯ ಯೋಜನೆ ಇತ್ತು. ಚಿಕ್ಕಮ್ಮನ ಬೀರುವಿನಿಂದ ಅವಳ ಸೆರಗಿನ ಬ್ರೂಚ್ ಎಗರಿಸಿದೆ. ಗಡಿಯಾರದ ಹಿತ್ತಾಳೆ ಚಕ್ರ, ನಡುವೆ ಒಂದು ನೀಲಿ ಗುಂಡಿ. ಚಿಕ್ಕಪ್ಪ ಮಾಡಿದ ಮೊಟ್ಟಮೊದಲ ವಸ್ತು. ಮದುವೆಗೆ ಮೊದಲು ಚಿಕ್ಕಮ್ಮನಿಗೆ ಕೊಟ್ಟದ್ದು. ಆ ಕಥೆ ಈ ಮನೆಯಲ್ಲಿ ಎಷ್ಟು ಸಲ ಆಗಿದೆಯೆಂದರೆ ಗೋಡೆಗೂ ಬಾಯಿಪಾಠ. ಇದನ್ನೂ ಗುರುತು ಹಿಡಿಯದಿದ್ದರೆ ಪಟ್ಟಾಭಿಷೇಕ ನನಗೇ.

ಸಂತೆಗೆ ಹೋಗುವ ದಾರಿಯಲ್ಲಿ ಗುಂಡಿ ಅಜ್ಜಿಯ ಅಂಗಡಿ. ಅಂಗಡಿ ಅನ್ನುವುದಕ್ಕಿಂತ ಎರಡು ಗೋಡೆಗಳ ನಡುವಿನ ಸಂದು. ಬಾಗಿಲು ಹಾಕಿದ್ದಾರೆ ಅಷ್ಟೇ. ಎರಡೂ ಕಡೆ ಸೂರಿನವರೆಗೆ ಬೆಂಕಿಪೊಟ್ಟಣದಷ್ಟು ಡ್ರಾಗಳು. ಯಾವ ಡ್ರಾದಲ್ಲಿ ಯಾವ ಗುಂಡಿ ಎಂದು ತಿಳಿಯಲು ಹೊರಗೊಂದು ಗುಂಡಿ ಅಂಟಿಸಿದೆ. ದಪ್ಪ ಗಿರಾಕಿಗಳು ಬೀದಿಯಲ್ಲೇ ನಿಂತು ವ್ಯಾಪಾರ ಮಾಡಬೇಕು. ಅಜ್ಜಿಯ ಕಿವಿಯಲ್ಲಿ ಪಿತೂರಿ ಉಸುರಿ, ಅವಳ ತಟ್ಟೆಯಲ್ಲಿ ಬ್ರೂಚ್ ಇಟ್ಟೆ. ಅಜ್ಜಿ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು.

ಚಿಕ್ಕಪ್ಪನ ಕೈ ನೆಟ್ಟಗೆ ಅದರ ಮೇಲೇ ಹೋಯಿತು. ಭೂತಗನ್ನಡಿ ತೆಗೆದ.

“ಲೇ ಕೋತಿ, ಇದನ್ನ ನೋಡು. ಮಾಡಿದವನಿಗೆ ಇನ್ನೂ ಕೈ ಕುದುರಿಲ್ಲ. ಬೆಸುಗೆ ಎಲ್ಲಾ ಮೂಗು ಸೋರಿದ ಹಾಗೆ ಸೋರಿದೆ. ಆದ್ರೆ ಮಾರೋಕೆ ಮಾಡಿದ್ದಲ್ಲ ಇದು. ಹಿಂದೆ ಮುಟ್ಟು. ಪಿನ್ನಿನ ತುದೀನ ಅರ ಹಾಕಿ ಉಜ್ಜಿದ್ದಾನೆ, ಅವಳಿಗೆ ಚುಚ್ಚಬಾರದು ಅಂತ. ಈಗ ಅದು ಬಟ್ಟೆಗೂ ಚುಚ್ಚಲ್ಲ. ದಡ್ಡ.”

ಅಜ್ಜಿಯ ಸೆರಗು ಬಾಯಿಂದ ಕೆಳಗಿಳಿಯಿತು. ನಾನು ಮಾತ್ರ ಇನ್ನೂ ಗೆಲ್ಲುತ್ತಲೇ ಇದ್ದೆ. ನಿಯಮ ನಿಯಮವೇ: ಆತ ಸೋತೆ ಅನ್ನುವ ತನಕ ಬಾಯಿ ಬಿಡುವಂತಿಲ್ಲ.

ಅದನ್ನು ಕೊಂಡು ಮನೆಗೆ ತಂದ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಇಕ್ಕಳ ಹಿಡಿದಿದ್ದ. ಚಟ್ ಅಂದಿತು. ಚಕ್ರ ಒಂದು ಕಡೆ, ಗುಂಡಿ ಒಂದು ಕಡೆ. ನೀಲಿ ಚೆನ್ನಾಗಿದೆ, ಬೇರೆ ಯಾವುದಕ್ಕಾದರೂ ಆಗುತ್ತೆ ಅಂದ.

‘ಲೇ’ ಅಂದಿದ್ದ. ಅಂಗಡಿಯಲ್ಲಿ. ‘ಲೇ ಕೋತಿ’ ಅಂದಿದ್ದ, ‘ತಾವು’ ಅನ್ನಲಿಲ್ಲ. ಆತ ಯುದ್ಧದಲ್ಲೇ ಇರಲಿಲ್ಲ.

ಮಾರ್ಚ್ 11, ಸೋಮವಾರ

ಚಿಕ್ಕಮ್ಮನಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು ಮೇಜಿನ ಬಳಿ ಹೋಗಿ ಆತನ ಪಕ್ಕ ಕೂತಳು.

“ರೀ, ಇದು ಯಾರು ಮಾಡಿದ್ದು?”

“ಯಾರೋ ದಡ್ಡ,” ಅಂದ ಚಿಕ್ಕಪ್ಪ, ಚಮಚ ಉಜ್ಜುತ್ತ.

“ಹೂಂ, ದಡ್ಡನೇ,” ಅಂದಳು.

ಚಕ್ರ, ಗುಂಡಿ, ಮೊಂಡು ಪಿನ್ನು ಮೂರನ್ನೂ ಬೆಂಕಿಪೊಟ್ಟಣದಲ್ಲಿ ಹಾಕಿ ಬೀರುವಿನಲ್ಲಿಟ್ಟಳು. ಆಮೇಲೆ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ನಿಂತಳು. ಪಾತ್ರೆ ಒಂದೂ ಇರಲಿಲ್ಲ, ನೀರು ಮಾತ್ರ ಹೋಗುತ್ತಿತ್ತು. ನಾನು ನಿಲ್ಲಿಸಲು ಹೋದೆ.

“ನಿನ್ನ ಮೇಲೆ ಕೋಪ ಇಲ್ಲ ಕಣೇ. ಜಾಲರಿ ಕಾಣೆಯಾದಾಗ, ಕನ್ನಡಕ ಬೆಂದಾಗ, ಅವರು ದಾರಿ ತಪ್ಪಿ ಯಾರದೋ ಮನೆ ಬಾಗಿಲು ಬಡಿದು ಬಂದಾಗಲೂ... ನೀವಿಬ್ರೂ ಆಡ್ತಿದ್ದೀರಿ ಅಂತಲೇ ಅಂದ್ಕೊಂಡೆ. ಹಾಗಂದ್ಕೊಳ್ಳೋಕೆ ನನಗೂ ಇಷ್ಟ ಇತ್ತು.”

ದಾರಿ ತಪ್ಪಿದ್ದು ನನಗೆ ಗೊತ್ತೇ ಇರಲಿಲ್ಲ.

ಏಪ್ರಿಲ್ 7, ಭಾನುವಾರ

ಡಾಕ್ಟರು ಬಹಳ ಮರ್ಯಾದಸ್ಥರು. ಗಡಿಯಾರದ ಚಿತ್ರ ಬರೆಯಿರಿ ಅಂದರು. ಜೀವಮಾನವೆಲ್ಲ ಗಡಿಯಾರ ಬಿಚ್ಚಿದವನು. ಚಕ್ರ, ಸ್ಪ್ರಿಂಗು, ಸ್ಕ್ರೂ — ಒಳಗಿನದೆಲ್ಲವನ್ನೂ ಅಚ್ಚುಕಟ್ಟಾಗಿ ಬರೆದ. ಅಂಕಿಗಳನ್ನು ಮಾತ್ರ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ನನ್ನ ಕಿವಿಯಲ್ಲಿ, ಆ ಮನುಷ್ಯ ಒಳ್ಳೆಯವನು, ಆದರೆ ಗಡಿಯಾರದ ಬಗ್ಗೆ ಏನೂ ಗೊತ್ತಿಲ್ಲ ಪಾಪ, ನನ್ನನ್ನ ಕೇಳ್ತಾನೆ ಅಂದ. ಇಬ್ಬರೂ ನಕ್ಕೆವು. ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿದ್ದಳು.

ಹೋದ ನೆನಪು ಇನ್ನು ತಿರುಗಿ ಬರುವುದಿಲ್ಲವಂತೆ. ಹೋಗುವುದನ್ನು ನಿಧಾನ ಮಾಡಬಹುದಂತೆ, ಅಷ್ಟೇ.

ಯುದ್ಧ ನಿಂತಿದೆ ಎಂದು ಈ ಮೂಲಕ ಘೋಷಿಸ... ಇಲ್ಲ. ಬರೆಯಲು ಆಗುತ್ತಿಲ್ಲ.

ಏಪ್ರಿಲ್ 28, ಭಾನುವಾರ

ಬೆಸುಗೆಯ ಕಡ್ಡಿ ಚಾಲೂ ಇಟ್ಟು ಎದ್ದುಹೋಗಿದ್ದ. ಮೇಜಿನ ಹಲಗೆ ಸುಟ್ಟಿದೆ, ಆರಿಸಲು ಹೋಗಿ ಅಂಗೈ ಸುಟ್ಟುಕೊಂಡಿದ್ದಾನೆ. ಚಿಕ್ಕಮ್ಮ ಕಡ್ಡಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಆತ ಬೀಗವನ್ನು ಎತ್ತಿ ನೋಡಿ, ಒಳ್ಳೇ ಕಂಪನಿ ಮಾಲು, ಈಗ ಇಂಥದ್ದು ಬರಲ್ಲ ಎಂದ. ಚೀಟಿ ಬರೆ ಅಂದ. ಬರೆದೆ. ಕುಂದು ಏನು ಅಂದಾಗ ಯೋಚಿಸಿದ. “ಬೀಗದ ಕೈ ಬೇರೆಯವರ ಹತ್ರ ಇದೆ.”

ಇದು ತಮಾಷೆಯೋ ಅಲ್ಲವೋ... ಈಗ ಹೇಳುವವರು ಯಾರು.

ಜೂನ್ 2, ಭಾನುವಾರ

ಸಂತೆಯಲ್ಲಿ ನಾವು ಮಾಲು ಮಾರಲು ಮೇಜು ಹಾಕುವುದು ಇದು ಕೊನೆಯ ಸಲ. ಚಿಕ್ಕಮ್ಮ ತೀರ್ಮಾನ ಮಾಡಿದ್ದಾಳೆ. ಉಳಿದ ಮಾಲನ್ನು ಗುಂಡಿ ಅಜ್ಜಿ ಒಂದು ಡ್ರಾದಲ್ಲಿ ಇಟ್ಟುಕೊಳ್ಳುತ್ತಾಳಂತೆ. ಹೊರಗೆ ಏನು ಅಂಟಿಸಲಿ ಎಂದು ಕೇಳಿದಳು. ಚಮಚದ ಉಂಗುರ ಎಂದೆ.

ಚಿಕ್ಕಪ್ಪ ಇಡೀ ದಿನ ನಮ್ಮದೇ ಮೇಜಿನ ಮುಂದೆ ಗಿರಾಕಿಯ ಹಾಗೆ ನಿಂತಿದ್ದ. ತಾನೇ ಮಾಡಿದ ಒಂದೊಂದನ್ನೂ ಎತ್ತಿ ಮೆಚ್ಚಿದ. ಒಂದು ಓಲೆ ಕೊಂಡುಕೊಳ್ಳಬೇಕು ಎಂದು ಜೇಬು ತಡಕಿದ. ಹಾಗೇ ತಗೋ ಚಿಕ್ಕಪ್ಪ ಎಂದೆ. ಸಂಕೋಚ ಪಟ್ಟುಕೊಂಡ.

ಜೂನ್ 16, ಭಾನುವಾರ

ಸಂತೆಗೆ ಮೇಜಿಲ್ಲದೆ ಸುಮ್ಮನೆ ಸುತ್ತಲು ಕರೆದುಕೊಂಡು ಹೋಗಿದ್ದೆ. ಒಂದು ಕೈ ನನ್ನ ಕೈಯಲ್ಲಿ. ಹಳೇ ರೇಡಿಯೋದವನ ಬಳಿ ನಿಂತಾಗ ಕೈ ಬಿಡಿಸಿಕೊಂಡು ನನ್ನ ಮುಖ ನೋಡಿದ. ಗಂಭೀರವಾಗಿ. ಆ ಹಳೆಯ ಗಾಂಭೀರ್ಯವೇ, ಯುದ್ಧಕ್ಕೆ ಮೊದಲಿನದು. ‘ತಾವು ಯಾರು?’ ಅನ್ನುತ್ತಾನೆ ಎಂದು ಕಾದೆ. ಅಂದುಬಿಡಲಿ. ಇದಿಷ್ಟೂ ನಾಟಕ, ಲೋಕದ ಅತಿ ದೀರ್ಘ ಚೇಷ್ಟೆ, ಡಾಕ್ಟರೂ ಆತನ ಕಡೆಯವರೇ ಎಂದಾಗಲಿ. ಕಾಲಿಗೆ ಬಿದ್ದು ಸೋಲುತ್ತೇನೆ.

“ನೀವು ಎಲ್ಲಿಗೆ ಹೋಗಬೇಕು?” ಅಂದ.

ನೀವು. ಗಿರಾಕಿಗೆ ಅನ್ನುವ ನೀವು.

ಆದರೂ ಹೇಳಿದೆ. “ಸೋತೆ.”

“ಸೋತ್ರಾ? ಬನ್ನಿ, ಕೂತ್ಕೊಳ್ಳಿ.” ತೋಳು ಹಿಡಿದು ಕಟ್ಟೆಯ ಮೇಲೆ ಕೂರಿಸಿದ. ರೇಡಿಯೋದವನ ಹತ್ತಿರ ನೀರು ಕೇಳಿ ತಂದುಕೊಟ್ಟ. “ಸಂತೆ ಸುತ್ತಿದ್ರೆ ಯಾರಿಗಾದ್ರೂ ಕಾಲು ಸೋಲುತ್ತೆ. ಸ್ವಲ್ಪ ಸುಧಾರಿಸ್ಕೊಳ್ಳಿ.”

ನೀರು ಕುಡಿದೆ. ಏನು ಮಾಡಲಿ.

ಪಕ್ಕದಲ್ಲಿ ಕೂತು, ಸುತ್ತ ನೋಡಿ, ದನಿ ತಗ್ಗಿಸಿದ.

“ನಮ್ಮನೇಲಿ ಒಂದು ಕೋತಿ ಇದೆ. ನನ್ನ ಅಣ್ಣನ ಮಗಳು. ಅದು ಮಾತ್ರ ಸೋಲಲ್ಲ. ಅದಕ್ಕೊಂದು ಗುಂಡಿ ತೋಡಿದ್ದೀನಿ, ರಾಶೀಲಿ ಇಟ್ಟು ಬಂದಿದ್ದೀನಿ. ಸಿಕ್ಕಿದ್ರೆ ಹೇಳಬೇಡಿ ಮತ್ತೆ.”

ಹೇಳಲ್ಲ ಎಂದು ಮಾತು ಕೊಟ್ಟೆ.

ಜೂನ್ 17, ಸೋಮವಾರ, ಬೆಳಿಗ್ಗೆ

ಮನೆಯಲ್ಲಿ ಉಳಿದ ರಾಶಿಯಲ್ಲಿ ಇತ್ತು.

ಬ್ರೂಚ್. ಚಿಕ್ಕಮ್ಮನ ಬೀರುವಿನಿಂದ ಬೆಂಕಿಪೊಟ್ಟಣ ಯಾವಾಗ ಎಗರಿಸಿದನೋ. ಕಡ್ಡಿಗೆ ಬೀಗ, ಆದ್ದರಿಂದ ಬೆಸುಗೆ ಇಲ್ಲ. ಚಕ್ರಕ್ಕೆ ಗುಂಡಿಯನ್ನಿಟ್ಟು ತಾಮ್ರದ ತಂತಿ ಸುತ್ತಿದ್ದಾನೆ. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ ಗುರುತು. ತಂತಿಯ ಕೊನೆ ಎಲ್ಲೂ ಮೇಲೆದ್ದಿಲ್ಲ. ಒಂದೊಂದನ್ನೂ ಒಳಕ್ಕೆ ಮಡಿಸಿದ್ದಾನೆ. ಹಳೇ ಪಿನ್ನು ಕಾಣೆ, ಹೊಸದು ಹಾಕಿದ್ದಾನೆ. ಹಿಂದೆ ಮುಟ್ಟಿ ನೋಡಿದೆ. ತುದಿಗೆ ಅರ ಹಾಕಿ ಉಜ್ಜಿದೆ. ಚುಚ್ಚುವುದಿಲ್ಲ.

ಬಾಗಿಲಲ್ಲಿ ನಿಂತು ನೋಡುತ್ತಿದ್ದಾನೆ. ಇವತ್ತು ನಾನು ಯಾರೆಂದು ಗೊತ್ತಿದೆಯೋ ಇಲ್ಲವೋ. ತುಟಿ ಕಚ್ಚಿಕೊಂಡಿದ್ದಾನೆ. ಹಿಂದೆ ಚಿಕ್ಕಮ್ಮ, ಆತನ ಭುಜದ ಮೇಲಿಂದ.

ನಗಬಾರದು. ಅಳುವುದರ ಬಗ್ಗೆ ನಿಯಮ ಮಾಡಿರಲಿಲ್ಲ.

ಭೂತಗನ್ನಡಿ ಎತ್ತಿ ಬೆಳಕಿಗೆ ಹಿಡಿದೆ. ಅಪರೂಪದ ಮಾಲು, ಇಂಥದ್ದು ಎಲ್ಲೂ ನೋಡಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಬಾಗಿಲ ಕಡೆಯಿಂದ ಒಂದು ಸಣ್ಣ ಕಿಸಕ್. ಈಗ ಚೀಟಿ ಬರೆಯುವವಳಂತೆ ತಲೆ ಬಗ್ಗಿಸಿ ಇಲ್ಲಿ ಬರೆಯುತ್ತಿದ್ದೇನೆ. ಕೇಳುತ್ತಿದ್ದಾನೆ, ಬರೆದಾಯ್ತಾ ಎಂದು. ಬರೆಯುತ್ತಿದ್ದೇನೆ, ಚಿಕ್ಕಪ್ಪ.

ಏನು: ಬ್ರೂಚ್.

ಎಷ್ಟು ಹಳೆಯದು: ಚಿಕ್ಕಮ್ಮನ ಮದುವೆಗಿಂತ. ಮತ್ತು ಈ ವಾರದ್ದು.

ಎಲ್ಲಿಂದ: ಮನೆಯಿಂದ.

ಕುಂದು: ಚುಚ್ಚುವುದಿಲ್ಲ.